ಮೇಷ್ಟ್ರ ಬಲಗೈ

ರೋಗಿಗಳಿಗೆ ಕರೆಂಟ್ ಕೊಡುವ ಹಳೆಯ ಮೆಷಿನ್ನನ್ನು ಗುಜರಿಗೆ ಹಾಕುವ ಮುಂಚೆ ಅದರ ಡಬ್ಬಿ ತೆರೆದೆ. ಒದ್ದೆಯಲ್ಲೇ ಒಣಗಿಹೋದ ಸ್ಪಂಜಿನ ವಾಸನೆ, ಜೊತೆಗೆ ರಬ್ಬರಿನ ಘಾಟು... ಡ್ರಾಮಾ ಮೇಷ್ಟ್ರು ನೆನಪಾದರು. ಹಿಂದೆಯೇ ಸಿಟ್ಟೂ ಬಂತು.

ನಾನಾಗ ಶೆಟ್ಟಿಹಳ್ಳಿಯ ಸಣ್ಣ ಕ್ಲಿನಿಕ್ಕೊಂದರಲ್ಲಿ ಫಿಸಿಯೋಥೆರಪಿಸ್ಟ್ ಆಗಿ ಸೇರಿದ ಹೊಸತು. ಮೇಷ್ಟ್ರು ಸಿ.ಎಸ್. ಪುರದ ಕಡೆಯವರು. ಗುಬ್ಬಿ, ಕುಣಿಗಲ್ ಸುತ್ತಿನ ಊರುಗಳಲ್ಲಿ ರೈತರಿಗೆ, ಅಂಗಡಿಯವರಿಗೆ ಪೌರಾಣಿಕ ನಾಟಕ ಕಲಿಸಿ, ಹಾರ್ಮೋನಿಯಂ ಪೆಟ್ಟಿಗೆ ನುಡಿಸಿಯೇ ಬದುಕಿದವರು. ಬೈಕಿನಿಂದ ಬಿದ್ದು ಬಲತೋಳಿನ ಮೂಳೆ ಮುರಿದಿತ್ತು. ಮೂಳೆಯೇನೋ ಕೂಡಿತು, ಆದರೆ ನರಕ್ಕೆ ಪೆಟ್ಟಾಗಿ ಮಣಿಕಟ್ಟು ಜೋತುಬಿದ್ದಿತ್ತು.

ಮುಂಗೈಗೆ ಒದ್ದೆ ಸ್ಪಂಜಿನ ಪ್ಯಾಡ್ ಕಟ್ಟಿ ಮೆಷಿನ್ನಿನಿಂದ ಸಣ್ಣಗೆ ಕರೆಂಟ್ ಕೊಟ್ಟಾಗ ಆ ಕೈ ತಾನಾಗಿ ಮೇಲೆದ್ದಿತು. ಮೇಷ್ಟ್ರು ಕಣ್ಣು ಮಿಟುಕಿಸದೆ ಅದನ್ನೇ ನೋಡಿದರು.

"ಇದ್ನ ಕಟ್ಕೊಂಡೇ ಪೆಟ್ಗೆ ಬಾರ್ಸಕ್ಕಾಗಲ್ವೇನವ್ವ?"

ಆಗುವುದಿಲ್ಲ ಎಂದೆ. ನರ ಚಿಗುರುವವರೆಗೆ ಸ್ನಾಯು ಸೊರಗದಂತೆ ನೋಡಿಕೊಳ್ಳುವುದಷ್ಟೇ ಕರೆಂಟಿನ ಕೆಲಸ. ಮನೆಯಲ್ಲಿ ಮಣಿಕಟ್ಟನ್ನು ಎತ್ತಿ ಹಿಡಿಯುವ ಪಟ್ಟಿ ಹಾಕಿಕೊಂಡಿರಬೇಕು, ಎಡಗೈಯಿಂದ ಅದನ್ನು ಮೇಲಕ್ಕೆ ಬಗ್ಗಿಸುತ್ತಿರಬೇಕು, ಇಲ್ಲದಿದ್ದರೆ ಕೀಲು ಬಿಗಿದುಕೊಳ್ಳುತ್ತದೆ ಎಂದು ವಿವರಿಸಿದೆ. ತಲೆಯಾಡಿಸಿದರು. ಮರುದಿನ ಪಟ್ಟಿ ಇರಲಿಲ್ಲ. ಆಮೇಲೆಯೂ ಇರಲಿಲ್ಲ... ಅದನ್ನು ಹಾಕಿಕೊಂಡು ಕೂತರೆ, ಮೇಷ್ಟ್ರ ಕೈ ಹೋಯಿತೆಂದು ನಾಟಕದಲ್ಲಿ ಪಾರ್ಟು ಮಾಡುವವರು ಬೇರೆ ಮೇಷ್ಟ್ರನ್ನು ಕರೆತರುತ್ತಾರಂತೆ. ಆ ಭಯ ಅರ್ಥವಾಗುತ್ತಿತ್ತು. ಆದರೂ ರೇಗುತ್ತಿತ್ತು. ಅವರ ಬಾಯಲ್ಲಿ ಒಂದೇ ಮಾತು: "ಇನ್ನೊಂದ್ ವಸಿ ಜಾಸ್ತಿ ಇಡವ್ವ." ನಾನು ಬೇರೆ ರೋಗಿಯ ಹತ್ತಿರ ಹೋದಾಗ ತಾವೇ ಗುಂಡಿ ತಿರುಗಿಸಿ ಚರ್ಮ ಸುಟ್ಟುಕೊಂಡರು. ಬೈದೆ. ಮಗಳ ವಯಸ್ಸಿನವಳ ಬೈಗುಳವನ್ನು ತಲೆ ತಗ್ಗಿಸಿ ಕೇಳಿಸಿಕೊಂಡರು.

ಒಂದು ಮಧ್ಯಾಹ್ನ ಪ್ಯಾಡ್ ಬಿಚ್ಚಿದ ಮೇಲೂ ಮಣಿಕಟ್ಟು ಸಣ್ಣಗೆ ಮಿಸುಕಿತು. ನರ ಬರುತ್ತಿದೆ ಎಂದು ನಾನು ಕೂಗಿಯೇಬಿಟ್ಟೆ. ಮೇಷ್ಟ್ರ ಕಣ್ಣು ತುಂಬಿತು. ಇನ್ನು ಮೇಲೆ ಒಂದು ದಿನವೂ ತಪ್ಪಿಸಬಾರದೆಂದು ಹೇಳಿ ಕಳಿಸಿದೆ.

ಅವರು ಬರಲಿಲ್ಲ. ಫೋನ್ ಮಾಡಿದರೆ ಹೆಂಡತಿ ಎತ್ತಿದರು. ಕೈ ಬಂತೆಂದು ಊರಿಗೆಲ್ಲ ಹೇಳಿಕೊಂಡು ಕುಣಿಗಲ್ ಕಡೆ ನಾಟಕದ ಪ್ರಾಕ್ಟೀಸಿಗೆ ಹೋಗಿದ್ದರಂತೆ.

ಮಳೆಗಾಲ ಕಳೆದ ಮೇಲೆ ಬಂದರು. ನರ ನಿಜಕ್ಕೂ ಬಂದಿತ್ತು. ಮಣಿಕಟ್ಟು ಮಾತ್ರ ಬಗ್ಗಿದಲ್ಲೇ ಬಿಗಿದುಹೋಗಿತ್ತು. ಬೆರಳು ಆಡುತ್ತವೆ, ಆದರೆ ಹಾರ್ಮೋನಿಯಂನ ಕರಿ-ಬಿಳಿ ಮನೆಗಳ ಮೇಲೆ ಹರಡುವುದಿಲ್ಲ. "ಈಗಾದ್ರೂ ಜಾಸ್ತಿ ಇಡವ್ವ" ಅಂದರು. ಬಿಗಿದ ಕೀಲನ್ನು ಕರೆಂಟು ಬಿಡಿಸುವುದಿಲ್ಲ ಎಂದು ಎಷ್ಟು ಮೆತ್ತಗೆ ಹೇಳಿದರೂ ಅವರಿಗೆ ಕೇಳಿಸಿದ್ದು 'ಇಲ್ಲ' ಎಂಬುದೊಂದೇ. ಕೈಯಿಂದಲೇ ಎಳೆದು ಸಡಿಲಿಸಲು ಹೋದೆ. ನೋವು ತಾಳಲಾರದೆ ಎದ್ದು ನಡೆದರು. ಹಿಂದೆ ಓಡಿದೆ, ಆಟೋ ಹೊರಟಿತ್ತು...

ಇವತ್ತು ಮನಸ್ಸು ತಡೆಯದೆ ಅವರ ನಂಬರಿಗೆ ಫೋನ್ ಮಾಡಿದೆ. ಈ ಸಲವೂ ಎತ್ತಿದ್ದು ಅವರ ಹೆಂಡತಿಯೇ. ಮೇಷ್ಟ್ರು ತೀರಿಕೊಂಡು ವರ್ಷದ ಮೇಲಾಯಿತಂತೆ. ನಾನು ಕರೆಂಟ್ ಕೊಡುತ್ತಿದ್ದ ಕ್ಲಿನಿಕ್ಕಿನವಳು ಎಂದು ಹೇಳಿಕೊಂಡೆ.

"ಕೊನೇವರ್ಗೂ ನಿಮ್ಮೇಲೆ ಕೋಪ ಇತ್ತು ಮೇಡಂ ಅವ್ರಿಗೆ. ಆವಮ್ಮ ಕರೆಂಟ್ ಜಾಸ್ತಿ ಇಟ್ಟಿದ್ರೆ ಕೈ ಬರ್ತಿತ್ತು ಅಂತಿದ್ರು."

ಹಾಗಲ್ಲ ಎಂದು ಎಲ್ಲವನ್ನೂ ಮತ್ತೆ ಮೊದಲಿನಿಂದ ವಿವರಿಸಲು ಬಾಯಿ ತೆರೆದೆ. ಆಕೆಗೆ ವಿವರಿಸಿ ಏನಾಗಬೇಕು? ನಾನು ಯಾರ ಜೊತೆ ಜಗಳ ಆಡಬೇಕಾಗಿತ್ತೋ ಅವರೇ ಇಲ್ಲ.