ಗೇಟಿನ ಹೊರಗಿನ ಬೆಂಚು

ಆ ಬೆಳಿಗ್ಗೆ ನೀರು ಹಿಡಿದೆ. ಬಾಗಿಲಿಗೆ ರಂಗೋಲಿ ಹಾಕಿದೆ. ರಾತ್ರಿ ನೆನೆಹಾಕಿದ್ದ ಅವರೆಕಾಳು ಬಸಿದೆ. ಗೇಟಿನ ಹೊರಗಿನ ಬೆಂಚು ಒರೆಸಿದೆ. ಜಗಳ ಬಂದದ್ದು ಈ ಬೆಂಚಿಗೆ.

ಹಲಸಿನ ಮರದ ಬೆಂಚು, ನಮ್ಮ ಮಾವ ಮಾಡಿಸಿದ್ದು, ಇರುವುದು ನಮ್ಮದೇ ಜಾಗದಲ್ಲಿ. ಬೇಗೂರಿನ ನಮ್ಮ ಬೀದಿಯಲ್ಲಿ ಮೇಸ್ತ್ರಿಯ ಗಾಡಿಗೆ ಕಾಯುವ ರಾಯಚೂರು ಕಡೆಯ ಗಾರೆ ಕೆಲಸದವರು ಅದರ ಮೇಲೆ ಕೂರುತ್ತಾರೆ. ಎದುರು ಮನೆಯ ಯಜಮಾನರಿಗೆ ಅದು ಸೇರದು. ಅವತ್ತು ಇಬ್ಬರು ಆಳುಗಳನ್ನು ಕರೆದುಕೊಂಡೇ ಬಂದರು. ಬೆಂಚಿನ ಮೇಲೆ ಕೂತಿದ್ದ ಗಾರೆ ಕೆಲಸದ ಬಸುರಿ ಹೆಂಗಸು ಎದ್ದು ನಿಂತಳು.

"ಅಕ್ಕ, ಇದನ್ನ ಹಿತ್ತಲಿಗೆ ಹಾಕಿಸ್ಬಿಡ್ತೀನಿ. ಇವರೆಲ್ಲ ಯಾರು, ಎಲ್ಲಿಯವರು? ಒಂದು ದಾಖಲೆ ಇದೆಯಾ?"

ದಾಖಲೆ ಎಂದದ್ದೇ ನಮ್ಮ ಮಹಡಿ ಮನೆಯ ಬಾಡಿಗೆ ಹುಡುಗಿಯ ಮಾತು ನೆನಪಾಯಿತು. ಅವಳು ವೈಟ್‌ಫೀಲ್ಡಿನಲ್ಲಿ ಜರ್ಮನ್ ಭಾಷೆ ಕಲಿಸುತ್ತಾಳೆ. ಬೆಂಚು ಎಂಬ ಮಾತಿನ ಮೂಲ ಉತ್ತರ ಯುರೋಪಿನ ಒಂದು ಹಳೇ ನುಡಿಯಂತೆ. ಅಲ್ಲಿ ಅದು 'ಬಂಕಿಜ್'. ಬರೆದದ್ದು ಎಲ್ಲೂ ಸಿಕ್ಕಿಲ್ಲ. ಮೊಮ್ಮಕ್ಕಳ ಮುಖ ನೋಡಿ ಕಾಣದ ಅಜ್ಜಿಯನ್ನು ಗುರುತಿಸಿದ ಹಾಗೆ ಪಂಡಿತರು ಕಂಡುಕೊಂಡದ್ದು. ಇಂಗ್ಲಿಷಿಗೆ ಬಂದದ್ದು ಬೆಂಚಾಯಿತು. ಇಟಲಿಗೆ ಹೋದದ್ದು ಹಣ ಬದಲಿಸುವವರ ಮೇಜಾಗಿ, ಕೊನೆಗೆ ಬ್ಯಾಂಕಾಯಿತು. ಅಲ್ಲಿ ಪುಟ್ಟ ಬೆಂಚಿಗಿದ್ದ ಹೆಸರೇ ಔತಣಕ್ಕೂ ನಿಂತು ಬ್ಯಾಂಕ್ವೆಟ್ ಆಯಿತು.

ಎದುರು ಮನೆಯವರದು ಮೇನ್ ರೋಡಿನಲ್ಲಿ ಬ್ಯಾಂಕ್ವೆಟ್ ಹಾಲ್.

"ಬೆಂಚು ಅನ್ನೋ ಮಾತಿನ ಅಜ್ಜಿಗೂ ದಾಖಲೆ ಇಲ್ಲ. ನಿಮ್ಮ ಬ್ಯಾಂಕ್ವೆಟ್ಟಿಗೂ ಅವಳೇ ಅಜ್ಜಿ. ಮೊದಲು ಆ ಬೋರ್ಡ್ ಇಳಿಸಿ, ಆಮೇಲೆ ಇದನ್ನ ಎತ್ತಿ," ಎಂದೆ.

"ಏನಕ್ಕಾ, ಬೆಳಿಗ್ಗೆನೇ ಕಾಲೇಜ್ ತೆಗೆದುಬಿಟ್ರಿ?"

ನಾನು ಕಾಳಿನ ಪಾತ್ರೆ ತಂದು ಬೆಂಚಿನ ನಡುವೆ ಕೂತು ಹಿದುಕತೊಡಗಿದೆ. "ಎತ್ತೋದಾದ್ರೆ ನನ್ನನ್ನೂ ಸೇರಿಸಿ ಎತ್ತಿಸಿ."

ಆಳುಗಳು ಮುಖ ಮುಖ ನೋಡಿಕೊಂಡರು. ಒಬ್ಬ ನಕ್ಕ. ಬಸುರಿ ಹೆಂಗಸು ಪಾತ್ರೆಯ ಹತ್ತಿರ ಬಂದಳು.

"ಅಕ್ಕಾರ, ನಾನೂ ಹಿಚುಕ್ಲೇನ್ರಿ?"

"ಕೂತ್ಕೋ, ಇನ್ನೇನು."

ಕೂತಳು. ಅವಳ ಬೆರಳು ನನ್ನದಕ್ಕಿಂತ ಚುರುಕು. ಬೇಳೆ ಚಿಮ್ಮಿ ಯಜಮಾನರ ಚಪ್ಪಲಿಯ ಮೇಲೆ ಬಿತ್ತು.

"ನಾಳೆ ನೋಡ್ಕೋತೀನಿ," ಎಂದು ಅವರು ತಿರುಗಿದರು.

"ನಾಳೆನೂ ಅವರೆ ಇರತ್ತೆ," ಎಂದೆ.

ರಾತ್ರಿ ಮುದ್ದೆ, ಹಿದುಕಿದ ಬೇಳೆ ಸಾರು. ನಮ್ಮ ಮನೆಯವರು ಎರಡನೇ ಮುದ್ದೆ ಮುಗಿಸಿ ಮೊದಲು ಮಲಗಿದರು. ನಾನು ಮತ್ತೆ ಕಾಳು ನೆನೆಹಾಕಿ ಮಲಗಿದೆ.