ಶೀಟಿನ ಮೇಲೆ ಸುಣ್ಣ

ಪುಟ್ಟಿ, ಚಿನ್ನು, ನನಗೆ ಎದುರಿಗೆ ಕೂತು ಮಾತಾಡಲು ಬರುವುದಿಲ್ಲ, ನಿಮಗೇ ಗೊತ್ತು. ಊರಿನ ಶಾಲೆಯಲ್ಲಿ ಕಲಿತ ಅಕ್ಷರ ಇದೆಯಲ್ಲ, ಅದರಲ್ಲೇ ಹೇಳುತ್ತೇನೆ. ನಿಮ್ಮ ಮುತ್ತಜ್ಜಿ ಹೇಗೆ ಹೋದರು ಎಂದು ಕೇಳಿದವರಿಗೆಲ್ಲ ಮನೆಯವರು ‘ವಯಸ್ಸಾಗಿತ್ತು’ ಎನ್ನುತ್ತಾರೆ. ಅದನ್ನು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಹೊಸಹಳ್ಳಿಯ ನಮ್ಮ ಮನೆಗೆ ಮಳೆಬಿಸಿಲಿಗೆ ಕಪ್ಪಾದ ಸಿಮೆಂಟ್ ಶೀಟಿನ ಸೂರು. ಬೇಸಿಗೆಯಲ್ಲಿ ಬೆಳಿಗ್ಗೆಯೇ ಕಾಯಲು ಶುರುವಾದರೆ ನಾವು ಮಲಗುವವರೆಗೂ ಬಿಸಿ ಇಳಿಯುತ್ತಿರಲಿಲ್ಲ. ನೀವು ಶಾಲೆಗೆ, ನಿಮ್ಮಪ್ಪ ಅಮ್ಮ ಕೆಲಸಕ್ಕೆ. ಸೊಂಟ ಮುರಿದು ಹಾಸಿಗೆ ಹಿಡಿದಿದ್ದ ನನ್ನ ಅತ್ತೆ ಮಾತ್ರ ಇಡೀ ದಿನ ಆ ಶೀಟನ್ನೇ ನೋಡುತ್ತಾ ಮಲಗಿರಬೇಕು. ಒದ್ದೆ ಬಟ್ಟೆಯಲ್ಲಿ ಮೈ ಒರೆಸುತ್ತಿದ್ದೆ. ಕೈ ತೆಗೆಯುವುದರೊಳಗೆ ಆರಿಹೋಗುತ್ತಿತ್ತು.

ಬಿ.ಪಿ. ನೋಡಲು ಬರುತ್ತಿದ್ದ ಆರೋಗ್ಯ ಕೇಂದ್ರದ ಹುಡುಗಿ ಒಂದು ದಿನ ತಲೆಯೆತ್ತಿ ಸೂರು ನೋಡಿ, “ಆಂಟಿ, ಶೀಟ್ ಮೇಲೆ ಬಿಳಿ ಪೇಂಟ್ ಹೊಡೆಸಿ. ಬಿಸಿಲು ಹಂಗೇ ವಾಪಸ್ ಹೋಗುತ್ತೆ. ಆಗಲ್ವಾ, ಸುಣ್ಣನಾದ್ರೂ ಹೊಡೆಸಿ. ಅಜ್ಜಿ ಈ ಶಾಖ ತಡೆಯಲ್ಲ” ಎಂದಳು.

ಸುಣ್ಣ! ನಿಮ್ಮ ತಾತ ಹೋಗಿ ಆಗಿನ್ನೂ ವರ್ಷ ತುಂಬಿರಲಿಲ್ಲ. ಸಾವಾದ ಮನೆಯಲ್ಲಿ ವರ್ಷದ ತಿಥಿ ಮುಗಿಯುವ ತನಕ ಹಬ್ಬವಿಲ್ಲ, ಸುಣ್ಣಬಣ್ಣವಿಲ್ಲ. ಬಸವೇಶ್ವರನಗರದಿಂದ ಬಂದಿದ್ದ ನನ್ನ ಮೈದುನನನ್ನು ಬಾಗಿಲ ಮರೆಯಲ್ಲಿ ನಿಂತೇ ಕೇಳಿದೆ.

“ಅತ್ತಿಗೆ, ಜನ ಏನಂತಾರೆ? ಅಣ್ಣ ಹೋಗಿ ವರ್ಷ ಆಗಿಲ್ಲ.”

“ಗೋಡೆಗಲ್ಲ, ಮೇಲಕ್ಕೆ. ಯಾರಿಗೂ ಕಾಣಲ್ಲ.”

“ಮೇಲಿಂದ ಅಣ್ಣಂಗೆ ಕಾಣಲ್ವಾ? ಇನ್ನೊಂದು ಫ್ಯಾನ್ ಕಳಿಸ್ತೀನಿ ಬಿಡಿ.”

ಹಾಸಿಗೆಯಿಂದ ಅತ್ತೆ ಅಂದರು: “ಸತ್ತಿದ್ದು ನಾ ಹೆತ್ತ ಮಗ ಕಣೋ. ನಂಗಿಲ್ದಿರೋ ಶಾಸ್ತ್ರ ನಿಂಗ್ಯಾಕೆ? ಹೊಡ್ಸು.”

ಮೈದುನ ನಕ್ಕರು. “ಅಮ್ಮಂಗೆ ಸೆಕೆಗೆ ತಲೆ ಕೆಟ್ಟಿದೆ.”

ಸೆಕೆ ಎಂದು ಅವರ ಬಾಯಲ್ಲೇ ಬಂತು! ನಿಮ್ಮಪ್ಪನೂ “ಚಿಕ್ಕಪ್ಪ ಬೇಡ ಅಂದ್ಮೇಲೆ ಹೆಂಗಮ್ಮ?” ಎಂದು ಕೆಲಸಕ್ಕೆ ಹೊರಟ. ಫ್ಯಾನ್ ಬಂತು. ಆ ಬಿಸಿಗಾಳಿಯನ್ನೇ ಅತ್ತೆಯ ಮುಖಕ್ಕೆ ತಳ್ಳಿತು.

ಒಂದು ಮಧ್ಯಾಹ್ನ ಅತ್ತೆಗೆ ಬೆವರುವುದೇ ನಿಂತುಹೋಯಿತು. ಮೈ ಕಾದ ಹೆಂಚಿನಂತಿತ್ತು. ನನ್ನನ್ನು ತಮ್ಮ ತಾಯಿ ಎಂದುಕೊಂಡು, ಕೊಡ ತುಂಬಿಸವ್ವಾ ಎನ್ನುತ್ತಿದ್ದರು. ಆಟೋದಲ್ಲಿ ಆಸ್ಪತ್ರೆಗೆ ಒಯ್ದೆವು. ದೇಹ ಶಾಖ ತಡೆಯಲಿಲ್ಲ ಎಂದರು ಡಾಕ್ಟರು. ಅತ್ತೆ ಮನೆಗೆ ಮರಳಲಿಲ್ಲ.

ಅವರ ಕಾರ್ಯ ಮುಗಿಯುತ್ತಲೇ ಮೈದುನ ಹೇಳಿದರು: “ಇನ್ನು ಅಮ್ಮನ ವರ್ಷಾನೂ ತುಂಬಲಿ.” ಎಂದರೆ ಮುಂದಿನ ಬೇಸಿಗೆಯೂ ಅದೇ ಕರಿ ಶೀಟು, ಕೆಳಗೆ ನೀವು! ಸುಣ್ಣ ನೆನೆಹಾಕಿ, ಗೋಂದು ಬೆರೆಸಿ, ಪೇಂಟರನ್ನು ಕರೆಸಿ ಹೊಡೆಸಿದೆ. “ಗಂಡ ಹೋದ, ಅತ್ತೆ ಹೋದ್ಲು, ಈಯಮ್ಮಂಗೆ ಸುಣ್ಣದ ಸಂಭ್ರಮ” ಎಂದು ನೆಂಟರೊಬ್ಬರು ನನಗೆ ಕೇಳುವಂತೆಯೇ ಅಂದರು.

ಮಾರನೆಯ ಮಧ್ಯಾಹ್ನ ಅದರ ಕೆಳಗೆ ಕೂತೆ. ತಂಪೇನಲ್ಲ, ಆದರೆ ಉಸಿರಾಡಬಹುದಿತ್ತು. ನೆಮ್ಮದಿ ಆಗಬೇಕಿತ್ತು, ಸಿಟ್ಟು ಬಂತು. ಒಂದು ಬಕೆಟ್ ಸುಣ್ಣಕ್ಕೆ ಇಷ್ಟು ಶಾಸ್ತ್ರವೇ?

ಮಳೆ ಸುಣ್ಣವನ್ನು ತೊಳೆದು ಹಾಕುತ್ತದೆ. ಪ್ರತಿ ಬೇಸಿಗೆಗೆ ಮುಂಚೆ ಹೊಡೆಸಿ. ನಾನು ಸತ್ತ ವರ್ಷವೂ ಬಿಡಬೇಡಿ. ಯಾರಾದರೂ ಅಡ್ಡ ಬಂದರೆ, ಸತ್ತವಳೇ ಒಪ್ಪಿ ಬರೆದಿದ್ದಾಳೆ ಎಂದು ಇದನ್ನು ತೋರಿಸಿ. ಅದಕ್ಕೇ ಈ ಹಾಳೆಗಳು ಎಲ್ಲೂ ಕಳೆಯದಂತೆ ನೋಡಿಕೊಳ್ಳಿ, ಮಕ್ಕಳೇ.