ಲೂಪಿನ್ ಕದಿಯಲು ಹೋಗಿ

ಕದ್ದು ತಂದು ನೆಟ್ಟ ಗಿಡವೇ ಚೆನ್ನಾಗಿ ಬರೋದು ಅನ್ನುವುದು ಮೈಸೂರಿಂದ ಇಂಗ್ಲೆಂಡಿಗೆ, ನಮ್ಮ ಮನೆಗೆ ಬಂದಿದ್ದ ನಮ್ಮತ್ತೆಯ ನಂಬಿಕೆ. ನಾನು ಅಂಗಡಿಯಿಂದ ತಂದು ನೆಟ್ಟ ಲೂಪಿನ್ ಹೂಗಿಡ ಎರಡು ಸಲ ಸತ್ತಿತ್ತು. ಹಡರ್ಸ್‌ಫೀಲ್ಡ್ ಆಚೆಯ ಗುಡ್ಡದಲ್ಲಿ, ಕಾಲಿಟ್ಟರೆ ಬೂಟು ಹೂತುಹೋಗುವ ಒದ್ದೆ ನೆಲದಲ್ಲಿ, ಅದೇ ಲೂಪಿನ್ ಯಾರ ಆರೈಕೆಯೂ ಇಲ್ಲದೆ ಮೊಳದುದ್ದ ನೀಲಿ ಹೂ ಬಿಟ್ಟು ನಿಂತಿತ್ತು.

"ಒಂದು ಮರಿ ಕೀಳೇ, ಯಾರೂ ನೋಡ್ತಿಲ್ಲ," ಅಂದರು ಅತ್ತೆ.

ನಾನು ಊರಿನ ಜಿಪಿ, ಅಂದರೆ ಡಾಕ್ಟರು. ಅರ್ಧ ಊರಿಗೆ ನನ್ನ ಮುಖ ಗೊತ್ತು. ಆದರೂ ಮಂಡಿಯೂರಿ ಗಿಡಕ್ಕೆ ಕೈ ಹಾಕಿದೆ. ಹಿಂದೆ ಯಾರೋ ಕೆಮ್ಮಿದರು. ಗುಡ್ಡ ನೋಡಿಕೊಳ್ಳುವವರ ಹಳದಿ ಜಾಕೆಟ್ ತೊಟ್ಟು, ಗುದ್ದಲಿ ಹಿಡಿದ ಅಜ್ಜ. ತಟ್ಟನೆ ಕೈ ಹಿಂದಕ್ಕೆಳೆದುಕೊಂಡೆ.

"ಕೀಳಿ, ಕೀಳಿ!" ಅಂದ ಆತ. "ಇದು ಅಮೆರಿಕದ ಬೆಟ್ಟದ ಗಿಡ. ಮನೆ ತೋಟದಲ್ಲಿದ್ದರೆ ಸರಿ, ಇಲ್ಲಿ ಬೇರೆ ಗಿಡಗಳನ್ನೆಲ್ಲ ನುಂಗಿಹಾಕುತ್ತೆ. ನಾನೂ ಕೀಳೋಕೇ ಬಂದಿದ್ದೀನಿ. ಎಷ್ಟು ಬೇಕೋ ತಗೊಳ್ಳಿ."

ಅತ್ತೆಗೆ ಅದನ್ನು ಕನ್ನಡದಲ್ಲಿ ಹೇಳಿದೆ. ಅವರ ಮುಖ ಇಳಿದುಹೋಯಿತು. "ಅವರೇ ಕೊಟ್ಟರೆ ಕದ್ದ ಹಾಗಾಯ್ತೇನೆ? ಬದುಕಲ್ಲ ಬಿಡು."

ನಾಚಿಕೆ ಬಿಟ್ಟು ಅಜ್ಜನಿಗೆ ವಿಷಯ ತಿಳಿಸಿದೆ. ಆತ ಗಂಭೀರವಾಗಿ ಯೋಚಿಸಿದ. ಆಮೇಲೆ "ಸಾರಿ" ಅಂದು, ನಮಗೆ ಬೆನ್ನು ಹಾಕಿ ಎದುರು ಗುಡ್ಡದ ಕುರಿಗಳನ್ನು ನೋಡುತ್ತ ನಿಂತ. ಅತ್ತೆಯೇ ಮುಂದೆ ಬಂದು ಗಿಡ ಕಿತ್ತು ಸೆರಗಿನೊಳಗೆ ಮುಚ್ಚಿಕೊಂಡರು.

ಗಿಡ ಈಗ ಸೊಂಟದೆತ್ತರ ಬಂದಿದೆ. ಮೊನ್ನೆ ಪಕ್ಕದ ಮನೆಯಾಕೆ ತನಗೂ ಒಂದು ಮರಿ ಕೊಡ್ತೀರಾ ಅಂತ ಕೇಳಿದಳು. ಹಾಗೆಲ್ಲ ಕೇಳಬಾರದು, ನಾಳೆ ನಾವ್ಯಾರೂ ಮನೆಯಲ್ಲಿರಲ್ಲ ಅಂದೆ.